ಮುಖವಾಡ ಅಲ್ಲ, ಮೊಗ: ತುಳುನಾಡಿನ ದೈವದ ಮುಖ ಯಾರದು?

ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರೆಲ್ಲ ಒಂದು ಕ್ಷಣ ಪಂಜುರ್ಲಿಯ ಮುಖ ನೆನಪಿಸ್ಕೊಳ್ಳಿ. ಮುಂದಕ್ಕೆ ಚಾಚಿದ ಹಂದಿಯ ಮೂತಿ, ಕೋರೆಹಲ್ಲು, ಅಗಲವಾದ ಕಣ್ಣು. 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ತೆರೆಗೆ ಬಂದ ಮೇಲೆ ಈ ಮುಖ ಎಷ್ಟೋ ಜನರ ಫೋನಿನ ವಾಲ್‌ಪೇಪರ್ ಆಯ್ತು. ನಾನು ಇವತ್ತು ಕೇಳೋ ಪ್ರಶ್ನೆ ಒಂದೇ: ಈ ಮುಖ ಯಾರದು? ಮಾಡಿದವರದ್ದಾ, ಕಾಪಾಡಿಕೊಂಡು ಬಂದವರದ್ದಾ, ಧರಿಸುವವರದ್ದಾ?

ಮೊದಲು ಹೆಸರು ನೋಡೋಣ. ಕನ್ನಡದಲ್ಲಿ ‘ಮುಖವಾಡ’ ಅನ್ನೋ ಪದಕ್ಕೆ ಎರಡು ಬದುಕಿದೆ. ‘ಅವನ ಮುಖವಾಡ ಕಳಚಿಬಿತ್ತು’ ಅಂದ್ರೆ ಮೋಸ ಬಯಲಾಯ್ತು ಅಂತ ಅರ್ಥ. ಆದ್ರೆ ದೇವಸ್ಥಾನದಲ್ಲಿ ಲಿಂಗಕ್ಕೆ ಬೆಳ್ಳಿಯ ಮುಖವಾಡ ಹಾಕಿದಾಗ ದೇವರು ಏನನ್ನೋ ಮುಚ್ಚಿಡ್ತಿದ್ದಾನೆ ಅಂತ ಯಾರೂ ಅನ್ನಲ್ಲ. ದೇವರಿಗೆ ಒಂದು ಮುಖ ಬಂತು ಅಂತಾರೆ. ತುಳುನಾಡಿನ ಭೂತಾರಾಧನೆಯಲ್ಲಿ ಬಳಸುವ ಮುಖ ಈ ಎರಡನೇ ಸಾಲಿಗೆ ಸೇರಿದ್ದು. ಅದನ್ನ ‘ಮೊಗ’ ಅಂತ ಕರೀತಾರೆ. ಅದು ಮನುಷ್ಯನನ್ನ ಮರೆಮಾಡೋಕೆ ಇರೋದಲ್ಲ, ದೈವವನ್ನ ಕಾಣಿಸೋಕೆ ಇರೋದು.

ಎಲ್ಲ ದೈವಗಳಿಗೂ ಮೊಗ ಇರೋದಿಲ್ಲ. ಎಷ್ಟೋ ಕೋಲಗಳಲ್ಲಿ ಮುಖದ ಬಣ್ಣ, ಬೆನ್ನ ಹಿಂದಿನ ಅಣಿ, ಸೊಂಟಕ್ಕೆ ಸುತ್ತಿದ ತೆಂಗಿನ ಸಿರಿ, ಕಾಲಿನ ಗಗ್ಗರ ಇಷ್ಟೇ ಸಾಕು. ಮೊಗ ಎದ್ದು ಕಾಣೋದು ಹಂದಿರೂಪದ ಪಂಜುರ್ಲಿ, ಹುಲಿಯ ನಂಟಿನ ಪಿಲಿಚಾಮುಂಡಿ, ಗಂಡು ಹೆಣ್ಣು ಎರಡೂ ಆಗಿರುವ ಜುಮಾದಿ, ಇಂಥ ದೈವಗಳಲ್ಲಿ. ಪ್ರಾಣಿಗಳೇ ಯಾಕೆ? ಇದು ಕಾಡಿನ ಅಂಚಿನಲ್ಲಿ ಬೇಸಾಯ ಮಾಡಿದ ಜನರ ಲೋಕ. ಒಂದು ರಾತ್ರಿಯಲ್ಲಿ ಇಡೀ ಗದ್ದೆ ಅಗೆದುಹಾಕುವ ಹಂದಿಯನ್ನೇ ಬೆಳೆ ಕಾಯುವ ದೈವವಾಗಿ ನಂಬಿದ್ರು. ಭಯ ಹುಟ್ಟಿಸಿದ್ದರ ಹತ್ತಿರವೇ ರಕ್ಷಣೆ ಕೇಳಿದ್ರು.

ಈಗ ಮಾಡುವವರ ಕಡೆ ಬರೋಣ. ಮರದ ಮೊಗಗಳೂ ಇವೆ, ಆದ್ರೆ ಹೆಸರುವಾಸಿಯಾಗಿರೋದು ಲೋಹದ್ದು: ಹಿತ್ತಾಳೆ, ಕಂಚು, ಕೆಲವೊಮ್ಮೆ ಬೆಳ್ಳಿ. ಕೆಲವನ್ನ ತಗಡು ಬಡಿದು ಮಾಡ್ತಾರೆ. ಉಳಿದವನ್ನ ಎರಕ ಹೊಯ್ತಾರೆ. ಮೊದಲು ಜೇನುಮೇಣದಲ್ಲಿ ಇಡೀ ಮುಖವನ್ನ ತಿದ್ದಿ ತೀಡಬೇಕು. ಕಣ್ಣಿನ ಅಂಚು, ಹಲ್ಲಿನ ಸಾಲು, ಕಿವಿಯ ಓಲೆ ಎಲ್ಲವೂ ಮೇಣದಲ್ಲೇ. ಅದರ ಮೇಲೆ ನಯವಾದ ಮಣ್ಣು ಮೆತ್ತಿ ಒಣಗಿಸಿ ಸುಟ್ಟರೆ ಮೇಣ ಕರಗಿ ಹೊರಗೆ ಹರಿಯುತ್ತೆ. ಒಳಗೆ ಉಳಿದ ಖಾಲಿ ಜಾಗಕ್ಕೆ ಕರಗಿದ ಲೋಹ ಸುರೀತಾರೆ. ತಣ್ಣಗಾದ ಮೇಲೆ ಮಣ್ಣಿನ ಅಚ್ಚನ್ನ ಒಡೆದೇ ಮೊಗವನ್ನ ಹೊರಗೆ ತೆಗೀಬೇಕು. ಅಂದ್ರೆ ಅದೇ ಅಚ್ಚಲ್ಲಿ ಇನ್ನೊಂದು ಬರಲ್ಲ. ಒಂದು ಊರಿನ ಪಂಜುರ್ಲಿಯ ಹಾಗೆ ಇನ್ನೊಂದು ಊರಿನ ಪಂಜುರ್ಲಿ ಇರಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ. ಈ ಕೆಲಸ ಹೆಚ್ಚಾಗಿ ವಿಶ್ವಕರ್ಮ ಸಮುದಾಯದ ಕುಶಲಿಗಳದ್ದು. ಹಳೆಯ ಮೊಗಗಳಲ್ಲಿ ಮಾಡಿದವರ ಹೆಸರು ಸಿಗೋದೇ ಅಪರೂಪ.

ಮಾಡಿ ಮುಗಿದ ಮೇಲೆ ಅದು ಅವರ ಕೈಬಿಡುತ್ತೆ. ದೈವಸ್ಥಾನಕ್ಕೋ, ಊರಿನ ಗುತ್ತು ಅಥವಾ ಬೀಡಿನ ಮನೆಗೋ ಸೇರುತ್ತೆ. ಮೊಗ, ಕತ್ತಿ, ಆಭರಣ ಎಲ್ಲ ಸೇರಿ ‘ಭಂಡಾರ’. ಕೋಲದ ದಿನ ವಾದ್ಯದ ಜೊತೆ ಭಂಡಾರ ಮೆರವಣಿಗೆಯಲ್ಲಿ ಬರುತ್ತೆ, ಮುಗಿದ ಮೇಲೆ ವಾಪಸ್ ಹೋಗುತ್ತೆ. ಪತ್ತನಾಜೆ ಕಳೆದು ಮಳೆಗಾಲ ಶುರುವಾದ್ರೆ ಮುಂದಿನ ಋತುವಿನವರೆಗೆ ಕೋಲ ಇಲ್ಲ.

ಮತ್ತೆ ಧರಿಸುವವರು? ಪಂಬದ, ಪರವ, ನಲಿಕೆ ಸಮುದಾಯದವರು. ಶತಮಾನಗಳ ಕಾಲ ಅಸ್ಪೃಶ್ಯತೆ ಅನುಭವಿಸಿದ, ಇವತ್ತು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯಗಳು. ನನಗೆ ಈ ಕಲೆಯ ಹೃದಯ ಇರೋದು ಇಲ್ಲೇ ಅನ್ಸುತ್ತೆ. ಹಗಲಲ್ಲಿ ಯಜಮಾನರ ಅಂಗಳದ ಹೊರಗೆ ನಿಲ್ಲಬೇಕಾಗಿದ್ದ ಮನುಷ್ಯ ರಾತ್ರಿ ಅದೇ ಅಂಗಳದ ನಡುವೆ ನಿಂತು ನುಡಿ ಕೊಡ್ತಾನೆ. ಜಗಳ ಬಗೆಹರಿಸ್ತಾನೆ, ತಪ್ಪು ಕೇಳ್ತಾನೆ. ಗುತ್ತಿನ ಯಜಮಾನ ಕೈಮುಗಿದು ಉತ್ತರ ಕೊಡಬೇಕು. ಬೆಳಗಾದ್ರೆ ಮೊಗ ಭಂಡಾರಕ್ಕೆ, ಅವನು ಮನೆಗೆ. ಒಂದು ರಾತ್ರಿಯ ಆ ಮಾತು ಜಾತಿಯ ಕಟ್ಟನ್ನ ಪ್ರಶ್ನೆ ಮಾಡ್ತಿತ್ತಾ, ಅಥವಾ ಉಳಿದೆಲ್ಲ ದಿನ ಅದು ಹಾಗೇ ಉಳಿಯೋಕೆ ಅನುಕೂಲ ಮಾಡಿಕೊಡ್ತಿತ್ತಾ? ಎರಡೂ ನಿಜ ಅಂತ ನನ್ನ ಅಭಿಪ್ರಾಯ.

1974ರ ಭೂಸುಧಾರಣೆಯ ನಂತರ ಗೇಣಿ ಭೂಮಿ ಉಳುವವರ ಪಾಲಾಯ್ತು. ದೊಡ್ಡ ಮನೆಗಳು ನಡೆಸ್ತಿದ್ದ ಎಷ್ಟೋ ಕೋಲಗಳ ಖರ್ಚು ಊರಿನ ಸಮಿತಿಗಳ ಹೆಗಲಿಗೆ ಬಂತು. ಗೇಣಿಯ ಜಾಗಕ್ಕೆ ದೇಣಿಗೆ ಬಂತು. ಮೊಗ ಧರಿಸುವ ಸಮುದಾಯ ಮಾತ್ರ ಬದಲಾಗಲಿಲ್ಲ.

ಹೊರಗಿನವರು ಇದನ್ನ ಹೇಗೆ ನೋಡಿದ್ರು? ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು 1894ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಅಚ್ಚಾದ್ವು. ತಲೆಬರಹ ಏನು ಗೊತ್ತಾ? ‘ಡೆವಿಲ್ ವರ್ಷಿಪ್ ಆಫ್ ದ ತುಳುವಾಸ್’. ಸೈತಾನನ ಪೂಜೆ! ಆ ಸಂಗ್ರಹ ಇವತ್ತಿಗೂ ಬೆಲೆಬಾಳುವಂಥದ್ದು, ಆದ್ರೆ ಆ ಒಂದು ಪದ ಇಡೀ ನಂಬಿಕೆಗೆ ಕೊಂಬು ಕಟ್ಟಿತು. ಆಮೇಲೆ ಹಳೆಯ ಮೊಗಗಳು ದೇಶ ವಿದೇಶದ ಮ್ಯೂಸಿಯಂ ಸೇರಿದ್ವು. ಗಾಜಿನ ಹಿಂದೆ ಸುಂದರವಾಗಿ ಕಾಣ್ತವೆ. ಪಕ್ಕದ ಚೀಟಿಯಲ್ಲಿ ಲೋಹ, ಅಳತೆ, ಕಾಲ ಬರೆದಿರುತ್ತೆ, ಯಾವ ಊರಿನದ್ದು ಅನ್ನೋದು ಬಹಳ ಸಲ ಇರಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುವನ್ನ ಖಾಸಗಿಯವರು ಹೊರದೇಶಕ್ಕೆ ಸಾಗಿಸೋ ಹಾಗಿಲ್ಲ. ಊರಿನ ಹೆಸರೇ ಕಳೆದುಹೋದ್ರೆ ಯಾವ ಊರು ಅದನ್ನ ವಾಪಸ್ ಕೇಳೋಕಾಗುತ್ತೆ?

ಈಗ ಸಿನಿಮಾ ಕಾಲ. ‘ಕಾಂತಾರ’ ಗೆದ್ದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್‌ನಲ್ಲಿ, 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡ್ತೀವಿ ಅಂತ ಕರ್ನಾಟಕ ಸರ್ಕಾರ ಘೋಷಿಸಿತು. ಅದೇ ಹೊತ್ತಿಗೆ ಹಬ್ಬದ ವೇದಿಕೆಗಳಲ್ಲಿ, ರೀಲ್ಸ್‌ಗಳಲ್ಲಿ ದೈವದ ವೇಷ ಹಾಕಿ ಕೂಗುವವರೂ ಹುಟ್ಟಿಕೊಂಡ್ರು. ತುಳುನಾಡಿನಲ್ಲಿ ಇದಕ್ಕೆ ಬೇಸರ ವ್ಯಕ್ತವಾಯ್ತು. ವ್ರತ ಹಿಡಿದು, ಅಜ್ಜನಿಂದ ಪಾಡ್ದನ ಕಲಿತು, ಅವಮಾನವನ್ನೂ ನುಂಗಿ ಬಂದ ಒಂದು ಕುಲದ ಬದುಕು ಹದಿನೈದು ಸೆಕೆಂಡಿನ ಕೂಗಾದ್ರೆ ಅದು ನಟನೆ ಮಾತ್ರ. ಅಲ್ಲಿ ಮೊಗ ಮತ್ತೆ ‘ಮುಖವಾಡ’ ಆಗಿಬಿಡುತ್ತೆ.

ನನ್ನ ಉತ್ತರ ಇಷ್ಟು. ಮಾಡುವವರು, ಕಾಪಾಡುವವರು, ಧರಿಸುವವರು, ಈ ಮೂರು ಕೈ ಸೇರಿದಾಗಲೇ ಅದು ದೈವದ ಮುಖ. ಒಂದು ಕೈಯನ್ನ ಮರೆತರೂ ಉಳಿಯೋದು ಬರೀ ಲೋಹ. ಮುಂದಿನ ಸಲ ಮ್ಯೂಸಿಯಂನಲ್ಲೋ ಸ್ಕ್ರೀನ್ ಮೇಲೋ ಪಂಜುರ್ಲಿ ಎದುರಾದ್ರೆ ಎರಡು ಪ್ರಶ್ನೆ ಕೇಳಿ: ಇದು ಯಾವ ಊರಿನದ್ದು? ಇದನ್ನ ಧರಿಸಿ ನುಡಿ ಕೊಟ್ಟವರು ಯಾರು?