ಇಂಡಿಗೋ ಗರ್ಲ್ಸ್

ಇಂಡಿಗೋ ಗರ್ಲ್ಸ್ ಅಮೆರಿಕದ ಜಾರ್ಜಿಯಾ ರಾಜ್ಯದ ಫೋಕ್-ರಾಕ್ ಜೋಡಿ. ಏಮಿ ರೇ (ಜನನ 1964) ಮತ್ತು ಎಮಿಲಿ ಸ್ಯಾಲಿಯರ್ಸ್ (ಜನನ 1963) 1985ರಿಂದ ಈ ಹೆಸರಿನಲ್ಲಿ ಹಾಡುತ್ತ ಬಂದಿದ್ದಾರೆ. ತಾವೇ ಧ್ವನಿಮುದ್ರಿಕೆ ಹೊರತಂದು ಶುರು ಮಾಡಿದ ಇವರು 1988ರಿಂದ ಸುಮಾರು ಎರಡು ದಶಕ ದೊಡ್ಡ ಕಂಪನಿಗಳ ಜೊತೆಗಿದ್ದು, 2009ರಲ್ಲಿ ಮತ್ತೆ ಸ್ವಂತ ಲೇಬಲ್‌ಗೆ ಮರಳಿದರು. ಇವರ ಕಥೆಯನ್ನು 1989ರ ದೊಡ್ಡ ಯಶಸ್ಸಿನ ಸುತ್ತ ಹೇಳುವುದೇ ರೂಢಿ. ಆದರೆ ಕಂಪನಿಯ ಕಾಲ ಇವರ ಬಾಳಿನ ನಡುವಿನ ಒಂದು ಅಧ್ಯಾಯ ಮಾತ್ರ. ಅದಕ್ಕೆ ಮುಂಚೆಯೂ ಆಮೇಲೂ ಇವರನ್ನು ಕಾಪಾಡಿದ್ದು ಊರೂರು ಸುತ್ತಿ ಕೊಟ್ಟ ಕಚೇರಿಗಳು ಮತ್ತು ಅವಕ್ಕೆ ತಪ್ಪದೆ ಬರುವ ಕೇಳುಗರು.

ಸ್ಯಾಲಿಯರ್ಸ್ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಡಾನ್ ಸ್ಯಾಲಿಯರ್ಸ್ ದೇವತಾಶಾಸ್ತ್ರದ ಪ್ರಾಧ್ಯಾಪಕರು, ಚರ್ಚ್ ಸಂಗೀತ ಬಲ್ಲವರು. ಅವರಿಗೆ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಕುಟುಂಬ ದಕ್ಷಿಣಕ್ಕೆ ಬಂತು. ಅಟ್ಲಾಂಟಾಕ್ಕೆ ಅಂಟಿಕೊಂಡಂತಿರುವ ಡಿಕೇಟರ್ ಪ್ರದೇಶದ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಹುಡುಗಿಯರಿಗೂ ಪರಿಚಯವಾಯಿತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಇಬ್ಬರೂ ಗಿಟಾರ್ ಹಿಡಿದು ಒಟ್ಟಿಗೆ ಹಾಡತೊಡಗಿದ್ದರು. ಮೊದಲು ಬಿ-ಬ್ಯಾಂಡ್ ಎಂದು, ಆಮೇಲೆ ‘ಸ್ಯಾಲಿಯರ್ಸ್ ಅಂಡ್ ರೇ’ ಎಂದು ಹೆಸರಿಟ್ಟುಕೊಂಡಿದ್ದರು. ಕಾಲೇಜಿಗೆಂದು ಸ್ಯಾಲಿಯರ್ಸ್ ನ್ಯೂ ಆರ್ಲಿಯನ್ಸ್‌ನ ಟುಲೇನ್‌ಗೂ ರೇ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್‌ಗೂ ಹೋದಾಗ ಜೋಡಿ ಅಲ್ಲಿಗೇ ಮುಗಿಯಬಹುದಿತ್ತು. ಇಬ್ಬರಿಗೂ ಊರು ಬಿಟ್ಟಿರಲಾಗಲಿಲ್ಲ. ಬೇರೆಬೇರೆಯಾಗಿ ಎಮರಿಗೆ ವರ್ಗ ಮಾಡಿಸಿಕೊಂಡು ಬಂದರು, ಹಾಡು ಮತ್ತೆ ಶುರುವಾಯಿತು. ಇಂಡಿಗೋ ಎಂಬ ಪದವನ್ನು ರೇ ನಿಘಂಟು ತಿರುವಿ ಹಾಕುವಾಗ ಆರಿಸಿಕೊಂಡರು.

ಆಗ ಅವರ ನೆಲೆ ಅಟ್ಲಾಂಟಾದ ಲಿಟಲ್ ಫೈವ್ ಪಾಯಿಂಟ್ಸ್ ಬಡಾವಣೆಯ ಒಂದು ಪಬ್. ಹಗಲು ತರಗತಿ, ರಾತ್ರಿ ವೇದಿಕೆ. 1985ರಲ್ಲಿ ‘ಕ್ರೇಜಿ ಗೇಮ್’ ಎಂಬ ಒಂಟಿ ಹಾಡಿನ ತಟ್ಟೆ, ಮರುವರ್ಷ ಆರು ಹಾಡುಗಳ ಕಿರು ಮುದ್ರಿಕೆ, 1987ರಲ್ಲಿ ಮೊದಲ ಪೂರ್ಣ ಆಲ್ಬಮ್ ‘ಸ್ಟ್ರೇಂಜ್ ಫೈರ್’ ಹೊರಬಂದವು. ಈ ಆಲ್ಬಮ್ಮಿಗೆ ಕಂಪನಿಯ ಬೆಂಬಲವಿರಲಿಲ್ಲ; ತಮ್ಮದೇ ಇಂಡಿಗೋ ಲೇಬಲ್ಲಿನಲ್ಲಿ ತಂದರು. ಮುದ್ರಣವಾದದ್ದು ಹತ್ತಿರದ ಅಥೆನ್ಸ್ ಪಟ್ಟಣದ ಜಾನ್ ಕೀನ್ ಸ್ಟುಡಿಯೋದಲ್ಲಿ. ಆರ್.ಇ.ಎಂ. ತಂಡದಿಂದಾಗಿ ಅಥೆನ್ಸ್ ಆ ಹೊತ್ತಿಗೆ ಅಮೆರಿಕದ ಸ್ವತಂತ್ರ ಸಂಗೀತದ ದೊಡ್ಡ ಕೇಂದ್ರವಾಗಿತ್ತು. ಪರಸ್ಪರ ವಾದ್ಯ ನುಡಿಸಿಕೊಟ್ಟು, ಒಬ್ಬರ ಕಚೇರಿಗೆ ಇನ್ನೊಬ್ಬರು ಬಂದು ನಿಲ್ಲುವ ಅಲ್ಲಿನ ವಾತಾವರಣ ಈ ಇಬ್ಬರನ್ನು ರೂಪಿಸಿತು. ಮುಂದೆ ಹೆಸರು ಬಂದ ಮೇಲೂ ಅವರು ಆ ನಡತೆ ಬಿಡಲಿಲ್ಲ.

ಟ್ರೇಸಿ ಚಾಪ್‌ಮನ್, ಸುಝಾನ್ ವೇಗಾ ಅವರ ಹಾಡುಗಳು ಆಗಷ್ಟೇ ಮಾರುಕಟ್ಟೆಯಲ್ಲಿ ಗೆದ್ದಿದ್ದವು. ಗಿಟಾರ್ ಹಿಡಿದು ತಾವೇ ಬರೆದು ಹಾಡುವ ಹೆಣ್ಣುಮಕ್ಕಳಿಗೆ ಕೇಳುಗರಿದ್ದಾರೆಂದು ಕಂಪನಿಗಳಿಗೆ ಮನವರಿಕೆಯಾಗಿ, ಎಪಿಕ್ ರೆಕಾರ್ಡ್ಸ್ 1988ರಲ್ಲಿ ಇವರೊಡನೆ ಒಪ್ಪಂದ ಮಾಡಿಕೊಂಡಿತು. ಆರ್.ಇ.ಎಂ. ಜೊತೆ ಕೆಲಸ ಮಾಡಿದ್ದ ಸ್ಕಾಟ್ ಲಿಟ್ ನಿರ್ಮಿಸಿದ ‘ಇಂಡಿಗೋ ಗರ್ಲ್ಸ್’ ಆಲ್ಬಮ್ 1989ರಲ್ಲಿ ಬಂತು. ಅದರ ಮೊದಲ ಹಾಡು, ಸ್ಯಾಲಿಯರ್ಸ್ ಬರೆದ ‘ಕ್ಲೋಸರ್ ಟು ಫೈನ್’, ಬಿಲ್‌ಬೋರ್ಡ್ ಪಟ್ಟಿಯಲ್ಲಿ 52ನೆಯ ಸ್ಥಾನ ತಲುಪಿತು. ಅಂಕಿಯಲ್ಲಿ ಅದು ದೊಡ್ಡದೇನಲ್ಲ; ಆದರೂ ಒಂದು ತಲೆಮಾರಿನ ಕಾಲೇಜು ಹುಡುಗ ಹುಡುಗಿಯರು ಆ ಹಾಡನ್ನು ಬಾಯಿಪಾಠ ಮಾಡಿಕೊಂಡರು. ಆಲ್ಬಮ್ 22ನೆಯ ಸ್ಥಾನಕ್ಕೇರಿತು, 1990ರ ಗ್ರ್ಯಾಮಿ ಸಮಾರಂಭದಲ್ಲಿ ಸಮಕಾಲೀನ ಫೋಕ್ ವಿಭಾಗದ ಪ್ರಶಸ್ತಿ ಪಡೆಯಿತು. ಅದೇ ವರ್ಷ ಹೊಸ ಕಲಾವಿದರ ವಿಭಾಗದಲ್ಲಿಯೂ ಇವರ ಹೆಸರಿತ್ತು. ಆ ಪ್ರಶಸ್ತಿ ಹೋದದ್ದು ಮಿಲಿ ವನಿಲಿ ಜೋಡಿಗೆ. ಮುದ್ರಿಕೆಯಲ್ಲಿ ಕೇಳುವ ದನಿ ಅವರದೇ ಅಲ್ಲವೆಂದು ಗೊತ್ತಾದಾಗ ಅದನ್ನು ಹಿಂದಕ್ಕೆ ಪಡೆಯಲಾಯಿತು.

ಆ ಆಲ್ಬಮ್ಮಿನಲ್ಲಿ ಜೋಡಿಯ ಕಸುಬು ಪೂರ್ತಿ ಬಿಚ್ಚಿಕೊಳ್ಳುವುದು ರೇ ಬರೆದ ‘ಕಿಡ್ ಫಿಯರ್ಸ್’ ಹಾಡಿನಲ್ಲಿ. ಬಾಲ್ಯದ ಭಯಗಳನ್ನು ಕುರಿತ ಹಾಡು ಇದು. ಗಿಟಾರಿನ ಮೆಲುದನಿಯ ಮೇಲೆ ರೇ ಅವರ ತಗ್ಗಿದ, ಸ್ವಲ್ಪ ಒರಟಾದ ದನಿಯಿಂದ ಶುರುವಾಗುತ್ತದೆ. ಸ್ಯಾಲಿಯರ್ಸ್ ಅವರ ತಿಳಿಯಾದ ದನಿ ಮೇಲಿನಿಂದ ಬಂದು ಕೂಡಿಕೊಳ್ಳುತ್ತದೆ. ಕೊನೆಯ ಭಾಗಕ್ಕೆ ಆರ್.ಇ.ಎಂ.ನ ಮೈಕೇಲ್ ಸ್ಟೈಪ್ ಪ್ರವೇಶಿಸಿದ ಮೇಲೆ ಮೂವರೂ ಏಕಕಾಲಕ್ಕೆ ಬೇರೆಬೇರೆ ಸಾಲು, ಬೇರೆಬೇರೆ ಧಾಟಿ ಹಾಡುತ್ತಾರೆ. ಯಾರೂ ಯಾರಿಗೂ ಹಿಮ್ಮೇಳವಲ್ಲ. ಇಬ್ಬರೇ ಹಾಡುವಾಗಲೂ ಇದೇ ಕ್ರಮ: ಎರಡನೆಯ ದನಿ ಮೊದಲನೆಯದರ ನೆರಳಾಗಿ ನಡೆಯುವುದಿಲ್ಲ, ತನ್ನದೇ ದಾರಿ ಹಿಡಿದು ಹೋಗಿ ಪಲ್ಲವಿಯಲ್ಲಿ ಬಂದು ಸೇರುತ್ತದೆ. ಕಚೇರಿಗಳಲ್ಲಿ ಸ್ಟೈಪ್ ಅವರ ಪಾಲನ್ನು ಸಭಿಕರೇ ಹಾಡುವ ಪದ್ಧತಿ ಬೆಳೆದುಬಂದಿದೆ.

ಈ ಹೊಂದಾಣಿಕೆಯ ಹಿಂದೆ ಒಂದು ಬೇರ್ಪಡಿಕೆಯಿದೆ. ಇಬ್ಬರೂ ಹಾಡುಗಳನ್ನು ಒಟ್ಟಿಗೆ ಬರೆಯುವುದು ತೀರಾ ಅಪರೂಪ. ತಮ್ಮ ಪಾಡಿಗೆ ಬರೆದು ತಂದು, ಆಮೇಲೆ ಕೂತು ದನಿ ಮತ್ತು ವಾದ್ಯಗಳನ್ನು ಹೊಂದಿಸುತ್ತಾರೆ. ಸ್ಯಾಲಿಯರ್ಸ್ ಜೋನಿ ಮಿಚೆಲ್‌ರನ್ನು ಕೇಳಿ ಬೆಳೆದವರು. ಅವರ ರಚನೆಗಳಲ್ಲಿ ಸ್ವರಸಂಯೋಜನೆ ಸಂಕೀರ್ಣ, ಮಾತು ಚಿಂತನಶೀಲ. ರೇ ಅವರಿಗೆ ಪಂಕ್ ಸಂಗೀತದ ಸೆಳೆತ, ಹಾಡುಗಳಲ್ಲಿ ಸಿಟ್ಟು ಮತ್ತು ನೇರ ನುಡಿ. ಇಬ್ಬರೂ ಸಲಿಂಗ ಪ್ರೇಮಿಗಳೆಂದು ಬಹಿರಂಗವಾಗಿ ಹೇಳಿಕೊಂಡವರು. ಪರಸ್ಪರ ಸಂಗಾತಿಗಳಲ್ಲ, ಎಂದೂ ಆಗಿರಲಿಲ್ಲ. ನಾಲ್ಕು ದಶಕ ಒಂದು ಜೋಡಿ ಉಳಿದುಬರುವುದು ಸುಲಭವಲ್ಲ. ಒಬ್ಬರ ಬರವಣಿಗೆಯೊಳಗೆ ಇನ್ನೊಬ್ಬರು ಕೈಹಾಕದೆ ಇದ್ದದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣವೆಂದು ತೋರುತ್ತದೆ.

ಎಪಿಕ್ ಕಾಲದ ಆಲ್ಬಮ್‌ಗಳಲ್ಲಿ ‘ರೈಟ್ಸ್ ಆಫ್ ಪ್ಯಾಸೇಜ್’ (1992), ‘ಸ್ವಾಂಪ್ ಒಫೀಲಿಯಾ’ (1994) ಮತ್ತು ‘ಶೇಮಿಂಗ್ ಆಫ್ ದ ಸನ್’ (1997) ಮುಖ್ಯವಾದವು. ಕೊನೆಯ ಎರಡೂ ಬಿಲ್‌ಬೋರ್ಡ್‌ನ ಮೊದಲ ಹತ್ತರೊಳಗೆ ಬಂದವು. ಮೊದಲನೆಯದರಲ್ಲಿರುವ ‘ಗೆಲಿಲಿಯೋ’ ಪುನರ್ಜನ್ಮವನ್ನು ಕುರಿತ ಹಾಡು. ಈ ವಿಷಯ ನಮ್ಮ ಕೇಳುಗರಿಗೆ ಹೊಸದಲ್ಲ, ಅಮೆರಿಕದ ರೇಡಿಯೋಗೆ ಹೊಸದಾಗಿತ್ತು.

ಕಂಪನಿಯ ಹಣ ಬರುತ್ತಿದ್ದಾಗಲೇ ರೇ ಅಟ್ಲಾಂಟಾ ಸುತ್ತಲಿನ ಹೊಸಬರಿಗಾಗಿ ಡೀಮನ್ ರೆಕಾರ್ಡ್ಸ್ ಎಂಬ ಸಣ್ಣ ಲೇಬಲ್ ಕಟ್ಟಿದರು. 1994ರಲ್ಲಿ ಅಟ್ಲಾಂಟಾದ ಕಲಾವಿದರನ್ನು ಕೂಡಿಸಿ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಸಂಗೀತ ನಾಟಕವನ್ನು ಹೊಸದಾಗಿ ಮುದ್ರಿಸಿದ್ದು ಈ ಲೇಬಲ್ಲೇ. ಅದರಲ್ಲಿ ಯೇಸುವಾಗಿ ರೇ, ಮೇರಿ ಮ್ಯಾಗ್ಡಲೀನ್ ಆಗಿ ಸ್ಯಾಲಿಯರ್ಸ್ ಹಾಡಿದರು. 1993ರಲ್ಲಿ ಮೂಲನಿವಾಸಿ ಹೋರಾಟಗಾರ್ತಿ ವಿನೋನಾ ಲಡ್ಯೂಕ್ ಜೊತೆ ಸೇರಿ ‘ಆನರ್ ದ ಅರ್ತ್’ ಸಂಸ್ಥೆ ಹುಟ್ಟುಹಾಕಿ, ಮೂಲನಿವಾಸಿ ಸಮುದಾಯಗಳ ಪರಿಸರ ಹೋರಾಟಗಳಿಗಾಗಿ ಸಹಾಯಾರ್ಥ ಪ್ರವಾಸಗಳನ್ನು ಕೈಗೊಂಡರು. 1997ರಿಂದ ಮೂರು ವರ್ಷ ಮಹಿಳಾ ಕಲಾವಿದರ ಸಂಚಾರಿ ಉತ್ಸವ ಲಿಲಿತ್ ಫೇರ್‌ನಲ್ಲೂ ಹಾಡಿದರು.

ಬಹಿರಂಗವಾಗಿ ಬದುಕಿದ್ದಕ್ಕೆ ಬೆಲೆಯನ್ನೂ ತೆತ್ತರು. 1998ರಲ್ಲಿ ದಕ್ಷಿಣದ ಹೈಸ್ಕೂಲುಗಳಲ್ಲಿ ಉಚಿತವಾಗಿ ಹಾಡಲು ಹೊರಟಾಗ, ಪೋಷಕರ ಆಕ್ಷೇಪದ ಹಿನ್ನೆಲೆಯಲ್ಲಿ ದಕ್ಷಿಣ ಕ್ಯಾರೊಲಿನಾದ ಒಂದು ಶಾಲೆ ಕಾರ್ಯಕ್ರಮ ರದ್ದುಮಾಡಿತು. ಅಲ್ಲಿನ ವಿದ್ಯಾರ್ಥಿಗಳು ತರಗತಿಯಿಂದ ಹೊರನಡೆದು ಪ್ರತಿಭಟಿಸಿದರು. ಕೆಲವು ವಿಮರ್ಶಕರು ಇವರ ಹಾಡುಗಳನ್ನು ಅತಿ ಗಂಭೀರವೆಂದು ಹಂಗಿಸುತ್ತಲೇ ಬಂದರು. ಆ ಟೀಕೆ ಅನ್ಯಾಯದ್ದು. ಗಂಡಸರು ಅದೇ ಗಾಂಭೀರ್ಯದಿಂದ ಹಾಡಿದಾಗ ಅದನ್ನು ಆಳವೆಂದು ಕರೆದವರು ಇವರಲ್ಲಿ ಅದನ್ನು ದೋಷವೆಂದು ಎಣಿಸಿದರು.

2005ರ ‘ರೇರಿಟೀಸ್’ ಸಂಕಲನದೊಂದಿಗೆ ಎಪಿಕ್ ಒಪ್ಪಂದ ಮುಗಿಯಿತು. ಹಾಲಿವುಡ್ ರೆಕಾರ್ಡ್ಸ್‌ನಲ್ಲಿ ‘ಡಿಸ್ಪೈಟ್ ಅವರ್ ಡಿಫರೆನ್ಸಸ್’ (2006) ಎಂಬ ಒಂದೇ ಆಲ್ಬಮ್ ಬಂತು. ಬಳಿಕ ಕಂಪನಿ ಇವರನ್ನು ಕೈಬಿಟ್ಟಿತು. ಸಿ.ಡಿ. ಮಾರಾಟವೇ ಕುಸಿಯುತ್ತಿದ್ದ ಕಾಲವದು. ಇಬ್ಬರೂ ಇನ್ನೊಂದು ಕಂಪನಿಯ ಬಾಗಿಲು ತಟ್ಟದೆ ಐಜಿ ರೆಕಾರ್ಡಿಂಗ್ಸ್ ಎಂಬ ಸ್ವಂತ ಲೇಬಲ್ ತೆರೆದರು. ವಿತರಣೆಗೆ ಮಾತ್ರ ವ್ಯಾನ್‌ಗಾರ್ಡ್ ನೆರವು ಪಡೆದರು. 2009ರ ಮಾರ್ಚ್‌ನಲ್ಲಿ ಬಂದ ‘ಪೊಸೈಡನ್ ಅಂಡ್ ದ ಬಿಟರ್ ಬಗ್’ ಈ ಹೊಸ ಕಾಲದ ಮೊದಲ ಆಲ್ಬಮ್. ಅದರ ಎರಡು ಡಿಸ್ಕಿನ ಆವೃತ್ತಿಯಲ್ಲಿ ಒಂದರಲ್ಲಿ ಪೂರ್ಣ ವಾದ್ಯವೃಂದವಿದೆ, ಇನ್ನೊಂದರಲ್ಲಿ ಅವೇ ಹಾಡುಗಳು ಎರಡು ದನಿ ಮತ್ತು ಗಿಟಾರುಗಳಲ್ಲಷ್ಟೇ ಇವೆ. ‘ಬ್ಯೂಟಿ ಕ್ವೀನ್ ಸಿಸ್ಟರ್’ (2011), ‘ಒನ್ ಲಾಸ್ಟ್ ಡೇ’ (2015) ಹೀಗೆಯೇ ಬಂದವು. ‘ಲುಕ್ ಲಾಂಗ್’ (2020) ರೌಂಡರ್ ರೆಕಾರ್ಡ್ಸ್ ಮೂಲಕ ಬಂತು. ಜೊತೆಜೊತೆಗೇ ರೇ ಅನೇಕ ಏಕವ್ಯಕ್ತಿ ಆಲ್ಬಮ್‌ಗಳನ್ನು ಮಾಡಿದರು. ಸ್ಯಾಲಿಯರ್ಸ್ ತಮ್ಮ ಮೊದಲನೆಯದನ್ನು 2017ರಲ್ಲಿ ತಂದರು.

2023ರಲ್ಲಿ ಹೊಸ ಕೇಳುಗರು ಒಮ್ಮೆಲೇ ಬಂದರು. ಗ್ರೇಟಾ ಗೆರ್ವಿಗ್ ನಿರ್ದೇಶಿಸಿದ ‘ಬಾರ್ಬಿ’ ಸಿನಿಮಾದಲ್ಲಿ ನಾಯಕಿ ಕಾರು ಓಡಿಸುತ್ತ ‘ಕ್ಲೋಸರ್ ಟು ಫೈನ್’ ಹಾಡುತ್ತಾಳೆ. ಅದೇ ವರ್ಷ ಅಲೆಕ್ಸಾಂಡ್ರಿಯಾ ಬೊಂಬಾಕ್ ನಿರ್ದೇಶನದ ‘ಇಟ್ಸ್ ಓನ್ಲಿ ಲೈಫ್ ಆಫ್ಟರ್ ಆಲ್’ ಸಾಕ್ಷ್ಯಚಿತ್ರ ಸನ್‌ಡಾನ್ಸ್ ಉತ್ಸವದಲ್ಲಿ ತೆರೆಕಂಡಿತು. ಇವರ ಹಾಡುಗಳನ್ನೇ ಹೆಣೆದು ಮಾಡಿದ ‘ಗ್ಲಿಟರ್ ಅಂಡ್ ಡೂಮ್’ ಚಿತ್ರವೂ ಆ ವರ್ಷದ್ದೇ.

ಈ ಜೋಡಿಯನ್ನು ಮೊದಲ ಬಾರಿಗೆ ಕೇಳುವವರು 1989ರ ಆಲ್ಬಮ್ಮಿನಿಂದ ಆರಂಭಿಸಿ, ಅದಾದೊಡನೆ ‘ಪೊಸೈಡನ್’ನ ಬರೀ ಗಿಟಾರಿನ ಡಿಸ್ಕ್ ಕೇಳುವುದು ಒಳ್ಳೆಯದು.