ಸುತ್ತಿಗೆ ಹುಡುಕಲು ಹೋಗಿ

ಇಂಗ್ಲೆಂಡಿನ ಸಫೊಕ್ ಸೀಮೆಯ ಹಾಕ್ಸನ್ ಹಳ್ಳಿ, 1992ರ ನವೆಂಬರ್. ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದಿತ್ತು. ಹುಡುಕಿಕೊಡಲು ಮೆಟಲ್ ಡಿಟೆಕ್ಟರ್ ಹಿಡಿದು ಹೊರಟವರು ಅವರ ಗೆಳೆಯ, ನಿವೃತ್ತ ತೋಟಗಾರ ಎರಿಕ್ ಲಾಸ್. ಸುತ್ತಿಗೆ ಆಮೇಲೆ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೊದಲು ಸಿಕ್ಕಿದ್ದು ಮಾತ್ರ ರೋಮನ್ ನಿಧಿ!

ಸುಮಾರು 15 ಸಾವಿರ ಚಿನ್ನ, ಬೆಳ್ಳಿ, ಕಂಚಿನ ನಾಣ್ಯಗಳು, ಬೆಳ್ಳಿಯ ಚಮಚೆಗಳು, ಮೈಮೇಲೆ ಧರಿಸುವ ಚಿನ್ನದ ಸರ. ಲಾಸ್ ಆಸೆಗೆ ಬಿದ್ದು ಎಲ್ಲವನ್ನೂ ಬಗೆಯಲಿಲ್ಲ, ಅಧಿಕಾರಿಗಳಿಗೆ ತಿಳಿಸಿದರು. ಹಾಗಾಗಿಯೇ ಮರುದಿನ ಬಂದ ಪುರಾತತ್ವಜ್ಞರಿಗೆ ನಿಧಿಯನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಕೊನೆಯ ನಾಣ್ಯಗಳು ಕ್ರಿ.ಶ. 407-408ರವು, ರೋಮನ್ ಆಳ್ವಿಕೆ ಕುಸಿಯುತ್ತಿದ್ದ ಹೊತ್ತಿನವು.

ಈ ನಿಧಿಯಲ್ಲಿ ನಮಗೆ ಹತ್ತಿರದ್ದೂ ಒಂದಿದೆ: ಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿ ಪಾತ್ರೆಗಳು. ಕರಿಮೆಣಸು ರೋಮನ್ನರಿಗೆ ಹೋಗುತ್ತಿದ್ದದ್ದು ಮಲಬಾರ್ ಕರಾವಳಿಯಿಂದ.

ನಿಧಿಗೆ ಸಿಕ್ಕ ಬಹುಮಾನ 17.5 ಲಕ್ಷ ಪೌಂಡ್. ಲಾಸ್ ಅದನ್ನು ರೈತನೊಂದಿಗೆ ಹಂಚಿಕೊಂಡರು.

ತಮಾಷೆಯೆಂದರೆ, ಭಾರತದಲ್ಲಿ 10 ರೂಪಾಯಿ ಮೀರಿದ ನಿಧಿಯನ್ನೆಲ್ಲ ಕಲೆಕ್ಟರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಇಂಗ್ಲೆಂಡು ಮಾತ್ರ ಹಳೆಯ ರೂಢಿಯ ಕಾನೂನಿನಲ್ಲೇ ಕಾಲ ತಳ್ಳಿ, 1996ರಲ್ಲಿ ನಿಧಿ ಕಾಯ್ದೆ ತಂದಿತು.