ಮಾರಿಷಸ್ ದ್ವೀಪದ ಮರಾಠಿಗರ ಗಣೇಶೋತ್ಸವ: ಅದರ ಮೂಲವನ್ನು ಕುರಿತು ಒಂದು ವಿಚಾರ

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಗಣೇಶನ ಹಬ್ಬಕ್ಕೆ ಸರ್ಕಾರಿ ರಜೆಯುಂಟು. ಅಲ್ಲಿಯ ಮರಾಠಿ ಜನರು ಅದನ್ನು ಹಾಡು, ಕುಣಿತ, ಮೆರವಣಿಗೆಗಳಿಂದ ಆಚರಿಸುವರು. ಈ ಆಚರಣೆಯ ಆರಂಭವನ್ನು 1896ರಲ್ಲಿ ಹೆನ್ರಿಯೆಟ್ಟಾ ಎಂಬ ಹಳ್ಳಿಯ ಮನೆಯೊಂದರಲ್ಲಿ ನಡೆದ ಪೂಜೆಯಿಂದ ಎಣಿಸುವುದು ವಾಡಿಕೆ. ಪುಣೆಯಲ್ಲಿ ಲೋಕಮಾನ್ಯ ತಿಲಕರು ಮೊದಲಾದವರು ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟದ್ದು 1893-94ರಲ್ಲಿ. ಈ ಎರಡು ಕಾಲಗಳನ್ನು ಅಕ್ಕಪಕ್ಕದಲ್ಲಿಟ್ಟೊಡನೆ ಒಂದು ಇನ್ನೊಂದರ ಪ್ರತಿಧ್ವನಿಯೆಂದು ಹೇಳಿಬಿಡಲು ಮನಸ್ಸಾಗುತ್ತದೆ. ತರಗತಿಯಲ್ಲಿ ನಾವೂ ಹಾಗೆ ಹೇಳಿದ್ದುಂಟು. ಆ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

ಮೊದಲು ಹೋದವರು ಯಾರೆಂಬುದನ್ನು ನೋಡಬೇಕು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕರಾರಿನ ಕೂಲಿಗಳಾಗಿ ಈ ದ್ವೀಪಕ್ಕೆ ಹೋದರು. ಬಹುಪಾಲು ಜನ ಕಲ್ಕತ್ತೆಯಿಂದ, ಅನಂತರ ಮದರಾಸಿನಿಂದ ಹಡಗು ಹತ್ತಿದವರು. ಮುಂಬಯಿಯಿಂದ ಹೋದವರ ಸಂಖ್ಯೆ ತೀರ ಕಡಮೆ. ಇವರು ರತ್ನಾಗಿರಿ ಮೊದಲಾದ ಕೊಂಕಣದ ಹಳ್ಳಿಗಳ ಬಡ ಒಕ್ಕಲುಮಕ್ಕಳು. ಬಹುಮಂದಿ ತಿಲಕರ ಉತ್ಸವಕ್ಕೆ ದಶಕಗಳಷ್ಟು ಮೊದಲೇ ಊರು ಬಿಟ್ಟಿದ್ದರು. ಪೋರ್ಟ್ ಲೂಯಿಯ ಬಂದರಿನಲ್ಲಿ ಇಳಿದವರ ಹೆಸರು, ತಂದೆಯ ಹೆಸರು, ಜಾತಿ, ಊರುಗಳನ್ನು ಅಧಿಕಾರಿಗಳು ದಾಖಲೆಪುಸ್ತಕಗಳಲ್ಲಿ ಬರೆದುಕೊಂಡರು; ಅವು ಇಂದು ಮೋಕಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಆದರೆ ಅವರು ಯಾವ ದೇವರನ್ನು ಹೇಗೆ ಪೂಜಿಸುತ್ತಿದ್ದರೆಂದು ಯಾವ ಗುಮಾಸ್ತನೂ ಕೇಳಲಿಲ್ಲ. ಅಕ್ಷರ ಬಾರದ ಆ ಜನ ತಾವಾಗಿ ಬರೆದಿಟ್ಟದ್ದೂ ಅತ್ಯಲ್ಪ. ಆದಕಾರಣ ಅವರ ಆಚರಣೆಯನ್ನೇ ಒಂದು ದಾಖಲೆಯೆಂದು ಭಾವಿಸಿ ಓದುವುದು ಅನಿವಾರ್ಯ.

ಹಾಗೆ ಓದುವಾಗ ಮೊದಲು ಕಣ್ಣಿಗೆ ಬೀಳುವುದು ಹಬ್ಬದ ಅವಧಿ. ತಿಲಕರ ಕಾಲದಿಂದ ರೂಢಿಗೆ ಬಂದ ಸಾರ್ವಜನಿಕ ಉತ್ಸವವು ಚತುರ್ಥಿಯಿಂದ ಅನಂತ ಚತುರ್ದಶಿಯವರೆಗೆ ನಡೆಯತಕ್ಕದ್ದು. ಮಾರಿಷಸ್ಸಿನಲ್ಲಾದರೋ ಸರ್ಕಾರಿ ರಜೆಯು ಚತುರ್ಥಿಯ ಮರುದಿನ ಬೀಳುತ್ತದೆ. 2023ರಲ್ಲಿ ಭಾರತದಲ್ಲಿ ಹಬ್ಬವು ಸೆಪ್ಟೆಂಬರ್ 19ರಂದು, ಅಲ್ಲಿಯ ರಜೆ 20ರಂದು. 2025ರಲ್ಲಿ ಇಲ್ಲಿ ಆಗಸ್ಟ್ 27, ಅಲ್ಲಿ 28. ಅದು ಮೂರ್ತಿಯನ್ನು ನೀರಿಗೆ ಬಿಡುವ ದಿನ. ಒಂದೂವರೆ ದಿನದ ಗಣಪತಿಯೆಂಬ ಕೊಂಕಣದ ಮನೆಗಳ ಪದ್ಧತಿಯೇ ಇಲ್ಲಿ ಕಾಣುತ್ತಿದೆಯೆಂದು ನಾವು ಊಹಿಸುತ್ತೇವೆ. ನಮ್ಮ ಉತ್ತರ ಕನ್ನಡದ ಕರಾವಳಿಯವರಿಗೆ ಈ ಪದ್ಧತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪುಣೆಯ ಮಂಟಪದಿಂದ ಹೊರಟ ಹಬ್ಬವಾಗಿದ್ದರೆ ಅದು ಇಷ್ಟು ಬೇಗ ಮುಗಿಯುತ್ತಿತ್ತೆ?

ಇದಕ್ಕಿಂತ ಬಲವಾದ ಸಾಕ್ಷ್ಯವೆಂದರೆ ಝಾಕ್ರಿ. ಹಬ್ಬದ ಸಮಯದಲ್ಲಿ ಅಲ್ಲಿಯ ಮರಾಠಿಗರು ಹಾಡಿ ಕುಣಿಯುವ ಈ ಕಲೆಯು ಕೊಂಕಣದ ಜಾಖಡಿಯೇ ಎಂಬುದರಲ್ಲಿ ಸಂಶಯವಿಲ್ಲ. ರತ್ನಾಗಿರಿಯ ಹಳ್ಳಿಗಳಲ್ಲಿ ಗಣಪತಿ-ಗೌರಿಯರ ದಿನಗಳಲ್ಲಿ ಹಾಡುಗಾರರೂ ಮದ್ದಳೆಯವನೂ ನಡುವೆ ಕುಳಿತುಕೊಳ್ಳುತ್ತಾರೆ. ಕಾಲಿಗೆ ಗೆಜ್ಜೆ ಕಟ್ಟಿದವರು ಅವರ ಸುತ್ತ ವರ್ತುಲವಾಗಿ ಕುಣಿಯುತ್ತಾರೆ. ಇದಕ್ಕೆ ರಂಗಸ್ಥಳ ಬೇಡ, ವೇಷಭೂಷಣದ ಪೆಟ್ಟಿಗೆ ಬೇಡ, ಆಶ್ರಯದಾತನಾದ ಅರಸನೂ ಬೇಡ. ಮರಾಠಿ ನಾಟಕದ ಸ್ಥಿತಿ ಬೇರೆ. ನಮ್ಮ ಕರ್ಕಿಯ ಭಾಗವತ ಮೇಳದ ಆಟವನ್ನು ನೋಡಿದ ಸಾಂಗಲಿಯ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದದ್ದು 1843ರಲ್ಲಿ, ಅದು ಆಸ್ಥಾನದ ಆಶ್ರಯದಲ್ಲಿ ಹುಟ್ಟಿದ ಕಲೆ. ದಿನವಿಡೀ ಕಬ್ಬು ಕಡಿದು ಬಂದ ಕೂಲಿಯ ಜೊತೆ ಸಮುದ್ರ ದಾಟಬಲ್ಲದ್ದು ಒಂದು ಮದ್ದಳೆ ಮತ್ತು ಬಾಯಿಪಾಠದ ಹಾಡು ಮಾತ್ರ.

ಮುಂದೆ ಸಂಘಗಳು ಹುಟ್ಟಿ ಹಬ್ಬ ಬೀದಿಗೆ ಬಂದಾಗ ಪುಣೆ ಮುಂಬಯಿಗಳ ಪ್ರಭಾವ ಬೀಳಲಿಲ್ಲವೆಂದು ನಾವು ವಾದಿಸುವುದಿಲ್ಲ. ಬುಡ ಮಾತ್ರ ಅಲ್ಲಿಯದಲ್ಲ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಆ ಮನೆಗಳ ದಿನಬಳಕೆಯ ಮಾತು ಇಂದು ಬಹುಮಟ್ಟಿಗೆ ಕ್ರಿಯೋಲ್. ಮರಾಠಿಯನ್ನು ಮಕ್ಕಳು ಶಾಲೆಯಲ್ಲಿ ಐಚ್ಛಿಕ ಭಾಷೆಯಾಗಿ ಕಲಿಯುತ್ತಾರೆ. ಅದು ಪುಸ್ತಕದ ಮರಾಠಿ. ಅಡಿಗೆಮನೆಯಿಂದ ಹೊರಟುಹೋದ ಭಾಷೆ ಕುಣಿತದ ವರ್ತುಲದೊಳಗೆ ಇನ್ನೂ ಉಳಿದಿದೆ. ಅರ್ಥ ಪೂರ್ತಿ ತಿಳಿಯದೆ ಹಾಡುವವರ ಬಾಯಲ್ಲಿ ಪದಗಳು ಸವೆಯುತ್ತವೆ, ಆದರೆ ಪುಸ್ತಕದ ಭಾಷೆಗೆ ಒಗ್ಗಿಸಿ ಯಾರೂ ತಿದ್ದದ ಕಾರಣ ಹಳೆಯ ರೂಪಗಳು ಅಲ್ಲಿ ಉಳಿದಿರುವ ಸಂಭವವೂ ಉಂಟು.

ರತ್ನಾಗಿರಿಯ ಜಾಖಡಿ ಪದಗಳನ್ನೂ ಮಾರಿಷಸ್ಸಿನ ಝಾಕ್ರಿ ಪದಗಳನ್ನೂ ಒಂದೆಡೆ ಇಟ್ಟು, ದಾಖಲೆಪುಸ್ತಕಗಳಲ್ಲಿರುವ ಊರುಗಳ ಹೆಸರುಗಳೊಡನೆ ಹೋಲಿಸಿದರೆ ಯಾವ ತಾಲ್ಲೂಕಿನ ಹಾಡು ಯಾವ ತೋಟಕ್ಕೆ ಹೋಯಿತೆಂದು ಹೇಳಬಹುದೇನೋ. ಕನ್ನಡ ಮರಾಠಿಗಳೆರಡನ್ನೂ ಬಲ್ಲ ವಿದ್ಯಾರ್ಥಿಗಳು ನಮ್ಮ ಗಡಿಭಾಗದ ಕಾಲೇಜುಗಳಲ್ಲಿ ಅನೇಕರಿದ್ದಾರೆ. ಬಾಯಿಪಾಠವಾಗಿ ಹಾಡಬಲ್ಲ ಮುದುಕರು ಇರುವಾಗಲೇ ಈ ಕೆಲಸ ಆಗಬೇಕು.